ಕಿಟಕಿಯಿಂದ ಮೂರನೆಯ ಜಾಗ

ಮ್ಯೂಸಿಯಂನ ಹಿಂದಿನ ಕೋಣೆ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಭಾವ ಇನ್ನೂ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಾರೆಯೇ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ. ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನೇ ಎರಡು ಸಲ ಹರಿದು ಹಾಕಿದ್ದೇನೆ.

ನೀನು ದುಡಿಯುತ್ತಿದ್ದ ಲಾಂಡ್ರಿಯ ಕಟ್ಟಡವೇ ಈಗ ನಮ್ಮ ಮ್ಯೂಸಿಯಂ ಆಗಿರುವುದು ನಿನಗೆ ಗೊತ್ತು. ಇಷ್ಟು ವರ್ಷ ಇಲ್ಲಿದ್ದದ್ದು ಮಾಲೀಕರ ಭಾವಚಿತ್ರ, ಮಾಲೀಕರ ಕೈಕೋಲು, ಮಾಲೀಕರ ನಾಯಿಯ ಕೊರಳಪಟ್ಟಿ. ಬಟ್ಟೆ ಒಗೆದವರು, ಇಸ್ತ್ರಿ ಹಾಕಿದವರು ಎಲ್ಲೂ ಇರಲಿಲ್ಲ. ಈ ಸಲದ ಪ್ರದರ್ಶನದಲ್ಲಿ ಅವರ ಕಥೆಯನ್ನು ಅವರೇ ಹೇಳಲಿ ಎಂದು ನಾನು ಹಟ ಹಿಡಿದೆ. ಮೇಲಿನವರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು. ಹಳೆಯ ಇಸ್ತ್ರಿ ಮೇಜನ್ನು ಗೋದಾಮಿನಿಂದ ತರಿಸಿ, ಸುತ್ತ ಬೆಂಚು ಹಾಕಿಸಿ, ನಿನ್ನ ಜೊತೆ ದುಡಿದವರಲ್ಲಿ ಈಗ ಇರುವವರನ್ನೆಲ್ಲ ಕರೆಸಿದೆ. ಬಂದರು, ಒಬ್ಬರನ್ನೊಬ್ಬರು ಬೈದುಕೊಂಡರು, ನಕ್ಕರು, ಮಾಲೀಕರ ಚಿತ್ರಕ್ಕೆ ಬೆನ್ನು ಹಾಕಿ ಕೂತರು. ನೀವು ಹೇಳಿದ್ದೇ ಗೋಡೆಯ ಮೇಲೆ ಬರುತ್ತದೆ, ಒಂದು ಪದವನ್ನೂ ತಿದ್ದುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತೇ ಈಗ ಕೊರಳಿಗೆ ಉರುಲಾಗಿದೆ.

ಕೆಲಸ ನಿಲ್ಲಿಸಿದ ಆ ಚಳಿಗಾಲದ ವಿಷಯ ಬಂತು. ಮುಖ ತಿರುಗಿಸಬೇಡ, ಓದು. ಸೋಪಿನ ನೀರಿಗೆ ಕೈ ಹುಣ್ಣಾಗಿ, ಕೈಗವಸು ಕೊಡುವವರೆಗೆ ಒಳಗೆ ಕಾಲಿಡುವುದಿಲ್ಲವೆಂದು ಗೇಟಿನ ಹೊರಗೆ ನಿಂತಿದ್ದರಲ್ಲ, ಅದು. ಆಗ ಎಲ್ಲರಿಗಿಂತ ಮುಂದೆ ನಿಂತಿದ್ದವಳು, ನೀವೆಲ್ಲ ಗುಡುಗಮ್ಮ ಎನ್ನುತ್ತಿದ್ದವಳು, ಮೇಜು ಕುಟ್ಟಿ ಹೇಳಿದಳು: "ಬರ್ಕೊಳ್ಳಮ್ಮ, ನಮ್ಮಲ್ಲಿ ಒಬ್ಳೂ ಒಳಗೆ ಹೋಗ್ಲಿಲ್ಲ." ಎಲ್ಲರೂ ತಲೆಯಾಡಿಸಿದರು. ನನ್ನ ಪೆನ್ನು ನಿಂತುಬಿಟ್ಟಿತು.

ನೀನು ಹೋಗಿದ್ದೆ. ನಿನ್ನ ಕೈ ಹಿಡಿದು ನಾನೇ ಗೇಟಿನವರೆಗೆ ಬಂದಿದ್ದೆ. ಅಪ್ಪನ ಔಷಧಿಗಾಗಿ ಹೋದಳು ಎಂದು ಅಮ್ಮ ಹೇಳುತ್ತಿದ್ದಳು. ಆಸ್ಪತ್ರೆಯ ಹಾಸಿಗೆಬಟ್ಟೆ ನಿಲ್ಲಬಾರದೆಂದು ಹೋದಳು ಎಂದು ಚಿಕ್ಕಮ್ಮ. ನೀನು ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಮದುವೆಯಾಗಿ ಹೋದವಳು ಮತ್ತೆ ಈ ಬೀದಿಗೆ ಬರಲಿಲ್ಲ. ಈಗ ಆ ಸಾಲು ಗೋಡೆ ಹತ್ತಿದರೆ ನೀನು ಇಲ್ಲಿ ಇರಲೇ ಇಲ್ಲವೆಂದಾಗುತ್ತದೆ. ತಿದ್ದಿದರೆ, ಓದುಬರಹ ಬಲ್ಲವರು ಮತ್ತೆ ನಮ್ಮ ಬಾಯಿಗೆ ಬೀಗ ಹಾಕಿದರು ಎಂದು ಅವರಿಗನ್ನಿಸುತ್ತದೆ, ಅದೂ ಸುಳ್ಳಲ್ಲ. ನಿನ್ನ ಹೆಸರನ್ನು ನಾನೇ ಎತ್ತಿದರೆ ನಿನ್ನನ್ನು ಇನ್ನೊಮ್ಮೆ ಬೀದಿಗೆ ಎಳೆದಂತೆ. ಅತ್ತ ದರಿ, ಇತ್ತ ಪುಲಿ. ಅವರ ಮೇಲೆ ಸಿಟ್ಟು ಬರುತ್ತದೆ, ನಿನ್ನ ಮೇಲೂ ಬರುತ್ತದೆ. ಹೊರಗೆ ಬಣ್ಣ ಕಲಸುತ್ತಿರುವ ಪೇಂಟರ್ "ಆ ಸಾಲು ಬರೀಲಾ, ಬೇಡ್ವಾ ಮೇಡಂ?" ಎಂದು ಆಗಾಗ ಇಣುಕುತ್ತಾನೆ. ಅದನ್ನು ಕೊನೆಗೆ ಬರಿ ಎಂದು ಸಾಗಹಾಕುತ್ತಿದ್ದೇನೆ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುತ್ತು ಕೊಡು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಹಚ್ಚುವುದಿಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ.

ಎಲ್ಲಿ ಹೋದರೂ ಹಿಂದೆ ಬರುತ್ತಿದ್ದ,
ನಿನ್ನ ಬಾಲ

ತಾ.ಕ. ಅಂಚೆ ಎತ್ತುವ ಹೊತ್ತಾಯಿತು, ತಡೆದಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಆ ಮೇಜಿನ ಸುತ್ತ ಅವರು ಕೂರುವುದು ಹಿಂದೆ ಇಸ್ತ್ರಿಗೆ ನಿಲ್ಲುತ್ತಿದ್ದ ತಂತಮ್ಮ ಜಾಗದಲ್ಲೇ, ಯಾರೂ ಹೇಳಿಕೊಟ್ಟಿಲ್ಲ. ಕಿಟಕಿಯಿಂದ ಮೂರನೆಯದು ಮಾತ್ರ ಖಾಲಿ. ನಿನ್ನೆ ಯಾರದೋ ಸೊಸೆ ಅಲ್ಲಿ ಕೂರಲು ಹೋದಳು. ಪಕ್ಕದಲ್ಲಿದ್ದ ಗುಡುಗಮ್ಮ ತಟ್ಟನೆ, "ಅಲ್ಲಿ ಬೇಡ, ಈಚೆ ಸರಿ. ಅವಳು ಎಡಗೈಯವಳು, ಮೊಣಕೈ ತಾಗುತ್ತೆ" ಎಂದಳು. ಎಂದವಳೇ ನಾಲಿಗೆ ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ಯಾರು ಎಡಗೈಯವಳು ಎಂದು ಒಬ್ಬರೂ ಕೇಳಲಿಲ್ಲ. ಅಕ್ಕಾ, ಬಂದು ನಿನ್ನ ಆ ಜಾಗದಲ್ಲಿ ಕೂತು ನಿನ್ನ ಬಾಯಿಂದಲೇ ಹೇಳು. ಗೇಟಿನವರೆಗೆ ಕೈ ಹಿಡಿದು ಬರುತ್ತೇನೆ, ಈ ಸಲ ಒಳಗೂ ಬರುತ್ತೇನೆ.