ಕಂಬಳಿ ಹೊದಿಸಿದ ದನಿ

ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿರು, ಈ ಕಾಗದ ಓದಿ ಮುಗಿಸುವವರೆಗಾದರೂ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ "ಕೆಲಸ ನಡೀತಿದೆ ಕಣೇ" ಎಂದೆ. ಸುಳ್ಳಲ್ಲ, ನಡೆಯುತ್ತಲೇ ಇತ್ತು. ಆದರೆ ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗುತ್ತೇನೆ. ಚಿಕ್ಕಂದಿನಿಂದ ನಡೆದುಬಂದದ್ದೇ ಇದು. ಅದಕ್ಕೇ ಕಾಗದ ಹಿಡಿದೆ.

ಗಂಟಲು ಹೇಗಿದೆ? ಆಪರೇಷನ್ ಆದ ಮೇಲೆ ದನಿ ಒಡೆದ ಮಡಕೆಯ ಹಾಗಾಗಿದೆ, ಇನ್ನು ಹಾಡುವ ಮಾತಿಲ್ಲ, ಉಳಿದಿರುವುದು ಹಳೇ ಕ್ಯಾಸೆಟ್ಟುಗಳೇ ಎಂದು ನೀನು ಪೆಟ್ಟಿಗೆ ಕಳಿಸಿದೆ. ನಾನು ಅವನ್ನು ಕಂಪ್ಯೂಟರಿಗೆ ಹಾಕಿಕೊಟ್ಟರೆ ಕ್ಯಾಸೆಟ್ ಕಂಪನಿಯವರು ಮತ್ತೆ ಬಿಡುಗಡೆ ಮಾಡುತ್ತಾರೆ ಎಂದೆ. "ಅಕ್ಕಾ, ನಿನ್ನ ಬಿಟ್ಟು ಬೇರೆಯವರ ಕೈಗೆ ಕೊಡೋಕೆ ನಂಗೆ ಧೈರ್ಯ ಇಲ್ಲ" ಅಂದೆ. ನಾನು ಎಷ್ಟು ಖುಷಿಪಟ್ಟೆ ಗೊತ್ತಾ? ನಮ್ಮವರು ಹೋದ ಮೇಲೆ ಈ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಯಲ್ಲಿ ಅಷ್ಟು ಆಸೆಯಿಂದ ನಾನು ಯಾವ ಕೆಲಸವನ್ನೂ ಹಿಡಿದಿರಲಿಲ್ಲ. ಹೆಡ್ಡು ಒರೆಸಿ, ಬೆಲ್ಟು ಬದಲಾಯಿಸಿ, ಒಂದೊಂದೇ ಹಾಕುತ್ತಾ ಹೋದೆ.

ನಿನ್ನ ಕ್ಯಾಸೆಟ್ಟುಗಳೆಲ್ಲ ನಾಯ್ಸ್ ರಿಡಕ್ಷನ್ ಹಾಕಿ ರೆಕಾರ್ಡ್ ಮಾಡಿದವು. ಅದೇನೆಂದು ನಾನು ಹೇಳಿಕೊಡಬೇಕಿಲ್ಲ, ನನಗಿಂತ ಮೊದಲೇ ನಿನಗೆ ಗೊತ್ತಿತ್ತು. ಆದರೂ ಹೇಳುತ್ತೇನೆ, ಕೇಳಿಸಿಕೋ. ಟೇಪು ಅಂದಮೇಲೆ ಸುಯ್ ಎನ್ನುವ ಸದ್ದು ಇದ್ದೇ ಇರುತ್ತದೆ. ಜೋರಾಗಿ ಹಾಡಿದಾಗ ಅದು ಮುಚ್ಚಿಹೋಗುತ್ತದೆ, ಮೆಲ್ಲಗೆ ಹಾಡಿದಾಗ ತಲೆ ಎತ್ತುತ್ತದೆ. ಅದಕ್ಕೆ ರೆಕಾರ್ಡ್ ಮಾಡುವಾಗಲೇ ಮೆಲ್ಲಗಿನ ಸಣ್ಣ ಸದ್ದುಗಳನ್ನು, ಅಂದರೆ ಉಸಿರು, ಸಕಾರ ಶಕಾರಗಳ ಅಂಚು, ದನಿಯ ಮಿನುಗು, ಇವನ್ನು ಮಾತ್ರ ಎತ್ತಿ ಜೋರು ಮಾಡಿ ಟೇಪಿಗೆ ಇಳಿಸುತ್ತಾರೆ. ಕೇಳುವಾಗ ಅದೇ ನಾಯ್ಸ್ ರಿಡಕ್ಷನ್ ಸ್ವಿಚ್ ಹಾಕಿದರೆ ಯಂತ್ರ ಎತ್ತಿದ್ದಷ್ಟನ್ನೂ ಕೆಳಗೆ ತಳ್ಳುತ್ತದೆ, ಜೊತೆಗೆ ಸುಯ್ ಸದ್ದೂ ಕೆಳಗೆ ಹೋಗುತ್ತದೆ. ಹಾಡು ಹಾಡಿದ ಹಾಗೇ ಕೇಳುತ್ತದೆ. ಎತ್ತದೇ ಇದ್ದ ಟೇಪಿಗೆ ಆ ಸ್ವಿಚ್ ಹಾಕಿದರೆ? ಯಂತ್ರಕ್ಕೇನು ಗೊತ್ತು, ಅದು ತಳ್ಳುತ್ತದೆ. ಸದ್ದಿನ ಜೊತೆ ದನಿಯ ಜೀವವೂ ಹೋಗುತ್ತದೆ.

ಪೆಟ್ಟಿಗೆಯ ತಳದಲ್ಲಿ ಹೆಸರು ಬರೆಯದ ಕ್ಯಾಸೆಟ್ಟು ಒಂದು ಬಿದ್ದಿತ್ತು. ನೀನು ನೋಡದೆ ಕಳಿಸಿದ್ದೀಯ. ಸ್ವಿಚ್ ಹೇಗೂ ಆನ್ ಇತ್ತು, ಹಾಗೇ ಹಾಕಿದೆ. ಮಂಕು ದನಿ, ಹೊದಿಕೆಯೊಳಗಿಂದ ಹಾಡಿದ ಹಾಗೆ. ಎರಡು ಸಾಲು ಕೇಳುವುದರೊಳಗೆ ಗುರುತು ಹತ್ತಿತು, ನನ್ನದೇ! ಕಂಪನಿಯವರು ಹೊಸ ಗಾಯಕಿ ಬೇಕು, ಒಬ್ಬಳೇ ಸಾಕು ಎಂದಾಗ ನಾವಿಬ್ಬರೂ ಒಂದೊಂದು ಹಾಡು ರೆಕಾರ್ಡ್ ಮಾಡಿಕೊಂಡು ಹೋಗಿದ್ದೆವಲ್ಲ, ಅದು. ತೆಗೆದು ಎಸೆಯೋಣ ಎಂದುಕೊಂಡೆ. ಆದರೆ ಕಸುಬಿನ ಕೈ ಸುಮ್ಮನಿರುತ್ತದೆಯೇ? ಸ್ವಿಚ್ ಆಫ್ ಮಾಡಿತು.

ಪುಟ್ಟೀ, ನಾನು ಎಷ್ಟು ಚೆನ್ನಾಗಿ ಹಾಡುತ್ತಿದ್ದೆನೇ!

ಆಮೇಲೆ ಎಲ್ಲ ನೆನಪಾಯಿತು. ಕಂಪನಿಯ ಕೋಣೆ, ಉದ್ದ ಮೇಜು, ಅದರ ಹಿಂದೆ ಸಂಗೀತದ ಮೇಷ್ಟ್ರು. ನೀನು ಆಗಲೇ ರೆಕಾರ್ಡಿಂಗ್ ಕೆಲಸಕ್ಕೆ ಸೇರಿದ್ದೆ. "ಕೂತ್ಕೋ ಅಕ್ಕಾ, ಮಷೀನು ನಂಗೆ ಗೊತ್ತು, ನಾನು ಹಾಕ್ತೀನಿ" ಎಂದು ಎದ್ದೆ. ನನ್ನ ಹಾಡು ಓಡುವಷ್ಟು ಹೊತ್ತೂ ಯಂತ್ರದ ಮೂಲೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಹಸಿರು ಅಂದರೆ ಒಳ್ಳೆಯದೇ ಇರಬೇಕು ಎಂದುಕೊಂಡೆ, ದಡ್ಡಿ! ನಿನ್ನದು ಹಾಕಿದಾಗ ದೀಪ ಆರಿತು. ಅಯ್ಯೋ ಪಾಪ, ತಂಗಿಗೆ ಹಸಿರು ಬರಲಿಲ್ಲವಲ್ಲ ಎಂದು ಮರುಗಿದೆ ಕೂಡ. ಅದು ನಾಯ್ಸ್ ರಿಡಕ್ಷನ್ನಿನ ದೀಪ ಎಂದು ನನಗೆ ಆಗ ಎಲ್ಲಿ ಗೊತ್ತು? ಮೇಷ್ಟ್ರು, "ದೊಡ್ಡವಳ ಶ್ರುತಿ ಗಟ್ಟಿಯಾಗಿದೆ, ಆದರೆ ದನಿಗೆ ಕಂಬಳಿ ಹೊದಿಸಿದ ಹಾಗಿದೆ. ಚಿಕ್ಕವಳದ್ದು ಗಂಟೆ" ಎಂದರು. ಮೆಟ್ಟಿಲಿಳಿಯುವಾಗ ನೀನು ನನ್ನ ಕೈ ಹಿಡಿದು, "ಬೇಜಾರ್ ಮಾಡ್ಕೋಬೇಡ ಅಕ್ಕಾ, ನಿನ್ನ ದನಿ ಈಚೆಗೆ ಮೊದಲಿನ ಹಾಗಿಲ್ಲ, ನಾನೇ ಹೇಳೋಣ ಅಂತಿದ್ದೆ" ಅಂದೆ. ನಿನ್ನ ಮಾತು ನಂಬಿ ಹಾಡುವುದನ್ನೇ ಬಿಟ್ಟೆ.

ಹೋಗಲಿ, ಗೊತ್ತಿಲ್ಲದೆ ಆಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿ ನಿನಗೆ ಫೋನ್ ಮಾಡಿದೆ. ಅವತ್ತಿನ ಹಾಡುಗಳನ್ನು ಸ್ವಿಚ್ ಹಾಕಿ ರೆಕಾರ್ಡ್ ಮಾಡಿದ್ದೆಯಾ ಎಂದು ಸುಮ್ಮನೆ ಕೇಳಿದೆ. "ಇಲ್ಲ ಅಕ್ಕಾ, ಎರಡೂ ಆಫಲ್ಲೇ ಮಾಡಿದ್ದು. ಕಂಪನಿ ಮಷೀನಲ್ಲಿ ಆನ್ ಇತ್ತು, ನಂದು ಹಾಕೋ ಮುಂಚೆ ನೋಡಿ ಆಫ್ ಮಾಡ್ದೆ..." ಎಂದವಳು ಗಪ್ಪನೆ ಮಾತು ತಿರುಗಿಸಿ, ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಎಷ್ಟು ಹಾಲು ಉಕ್ಕಿತೋ! ಆನ್ ಮಾಡಿದವಳು ನೀನೋ, ಇದ್ದದ್ದನ್ನು ಹಾಗೇ ಬಿಟ್ಟೆಯೋ, ನನಗೆ ಎರಡೂ ಒಂದೇ.

ಈಗ ನನ್ನ ಕೆಲಸದ ಸಮಾಚಾರ. ನಿನ್ನವು ಸಣ್ಣ ಸದ್ದು ಎತ್ತಿ ಟೇಪಿಗೆ ಇಳಿಸಿದವು ತಾನೇ? ನಾನು ಸ್ವಿಚ್ ಆಫ್ ಮಾಡಿ ಕಂಪ್ಯೂಟರಿಗೆ ಹಾಕಿದೆ. ಎತ್ತಿದ್ದೆಲ್ಲ ಎತ್ತಿದ ಹಾಗೇ ಉಳಿಯಿತು. ಸುಯ್ ಸದ್ದು ಕೋಣೆ ತುಂಬಿದೆ, ಸಕಾರಗಳು ಕಿವಿ ಚುಚ್ಚುತ್ತವೆ, ಪ್ರತಿ ಸಾಲಿಗೂ ಮುಂಚೆ ನೀನು ಸೈಕಲ್ ಪಂಪಿನ ಹಾಗೆ ಉಸಿರೆಳೆಯುತ್ತೀಯ, ಎಂಜಲು ನುಂಗುವುದೂ ಕೇಳುತ್ತದೆ. ಕಂಪನಿಯ ಮ್ಯಾನೇಜರಿಗೆ ಕಳಿಸಿಬಿಟ್ಟೆ. ಪಾಪ, ಕ್ಯಾಸೆಟ್ಟನ್ನೇ ನೋಡದ ತಲೆಮಾರಿನವನು. "ಮೇಡಂ, ಹಾಡಿಗಿಂತ ಉಸಿರೇ ಜೋರಾಗಿದೆಯಲ್ಲ?" ಎಂದ. "ಆಗಿನವರು ಹಾಗೇ ಹಾಡ್ತಿದ್ದದ್ದು" ಎಂದೆ. ತೆಪ್ಪಗೆ ತೆಗೆದುಕೊಂಡ. ಮುಂದಿನ ತಿಂಗಳು ಬಿಡುಗಡೆಯಂತೆ.

ಮೂಲ ಕ್ಯಾಸೆಟ್ಟುಗಳು ನನ್ನ ಬೀರುವಿನಲ್ಲಿವೆ. ಬೇಕಾದರೆ ಬಾ. ಮೈಕಿನ ಮುಂದೆ ಕೂತು, ಅವತ್ತು ಏನು ಮಾಡಿದೆ ಎಂದು ಆ ಒಡಕು ದನಿಯಲ್ಲೇ ಹೇಳು. ಮೇಷ್ಟ್ರು ಇನ್ನೂ ಬದುಕಿದ್ದಾರೆ, ರೆಕಾರ್ಡ್ ಮಾಡಿ ಅವರಿಗೆ ಕೇಳಿಸುತ್ತೇನೆ. ಆಮೇಲೆ ಸ್ವಿಚ್ ಹಾಕಿ ನಿನ್ನ ಹಾಡು ನಿನಗೆ ಕೊಡುತ್ತೇನೆ. ಬರದಿದ್ದರೆ ಊರೆಲ್ಲ ನಿನ್ನ ಎಂಜಲು ನುಂಗುವ ಸದ್ದೇ ಕೇಳಲಿ. ಅಕ್ಕ ಇಂಥವಳಲ್ಲ ಎಂದು ನೀನು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮಾಡಿದ ಮೇಲೆ ಹೊಟ್ಟೆ ತಣ್ಣಗಾಯಿತು, ಊಟ ರುಚಿಯಾಯಿತು.

ಗಂಟಲಿಗೆ ತಣ್ಣೀರು ತಾಗಿಸಬೇಡ. ದೇವರು ನಿನಗೆ ಆಯಸ್ಸು ಕೊಡಲಿ, ಕಿವಿಯನ್ನು ಕೊನೆಯವರೆಗೂ ಚುರುಕಾಗಿ ಇಟ್ಟಿರಲಿ.

ಇಂತಿ,
ನಿನ್ನ ಅಕ್ಕ

ಕಾಗದ ಮಡಿಸುವ ಮುಂಚೆ ಇನ್ನೊಂದು ಮಾತು. ಆ ಕ್ಯಾಸೆಟ್ಟು ಕೇಳುತ್ತಿದ್ದಾಗ ನನ್ನ ಮಗಳು ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತು ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ. ಅವಳಿಗೆ ನಾನು ಜೋಗುಳ ಕೂಡ ಹಾಡಿದವಳಲ್ಲ, ಕೆಟ್ಟ ದನಿ ಮಗುವಿನ ಕಿವಿಗೆ ಬೀಳುವುದು ಬೇಡ ಎಂದು. "ಅಬ್ಬಾ! ಯಾರಮ್ಮಾ ಇದು ಹಾಡ್ತಿರೋದು?" ಎಂದಳು. ನಾನೇ ಕಣೇ ಎನ್ನಲು ಬಾಯಿ ತೆರೆದೆ, ಪುಟ್ಟೀ. ಬಂದ ಮಾತು, "ನಿನ್ನ ಚಿಕ್ಕಮ್ಮ."