ಒಡಪು ಹೇಳುವತನಕ ಇಳಿಸುವಂತಿಲ್ಲ

ಕಮರಿಪೇಟೆ, ಹುಬ್ಬಳ್ಳಿ
ಭಾನುವಾರ, ಮಧ್ಯಾಹ್ನ

ಸುಳ್ಳ ಊರಿನ ಕಲ್ಲೇಶನಿಗೆ, ನಿನ್ನ ರಾಜರತ್ನ ಸಿಟ್ಟಿನಲ್ಲೇ ಬರೆಯುತ್ತಿರುವ ಕಾಗದ.

ಹೇಗಿದ್ದೀಯ ಎಂದು ಕೇಳುವುದಿಲ್ಲ. ಹೋದ ಭಾನುವಾರ ನಿಮ್ಮೂರಿಗೆ ಬಂದು ಕಣ್ಣಾರೆ ನೋಡಿದ್ದೇನೆ. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಆದರೂ ಹೊರಸಿನ ಮೇಲೆ ಕುಳಿತು, ನೋಡಲು ಬಂದವರನ್ನೆಲ್ಲ ನಗಿಸುತ್ತಿದ್ದೆ. ನಾನು ಮಾತು ತೆಗೆದಾಗಲೆಲ್ಲ "ಚಾ ಕುಡೀಲೇ ರಾಜಾ, ಆರಿ ಹೊಕ್ಕೈತಿ" ಎಂದು ಬಾಯಿ ಮುಚ್ಚಿಸಿದೆ. ಫೋನ್ ಮಾಡಿದರೆ ಅರ್ಧಕ್ಕೇ ಇಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು. ಬೇಕಾದರೆ ಹರಿದು ಹಾಕು, ಇನ್ನೊಂದು ಬರೆಯುತ್ತೇನೆ. ಹನ್ನೊಂದು ವರ್ಷ ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿಂದವರು ನಾವು, ಅಷ್ಟು ಹಕ್ಕು ನನಗಿದೆ.

ವರದಿ ಬಂದಿದೆ ಮಾರಾಯಾ. ಗೋಡೌನಿನ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಿದ್ದಾರೆ. "ಫೋರ್ಕ್‌ಲಿಫ್ಟ್ ಚಾಲಕ ಹಾಗೂ ಹಮಾಲ ಇಬ್ಬರೂ ಸ್ವಇಚ್ಛೆಯಿಂದ ನಡೆಸಿದ ಹುಡುಗಾಟವೇ ಅಪಘಾತಕ್ಕೆ ಕಾರಣ." ಹುಡುಗಾಟವಂತೆ! ನಿನಗೆ ಮೂವತ್ನಾಲ್ಕು, ನನಗೆ ನಲವತ್ತೊಂದು. ಆ ಕಾಗದದ ಮೇಲೆಯೇ ಹೊಸ ಬೋರ್ಡು, ಕೆಂಪಕ್ಷರದಲ್ಲಿ: "ಇಲ್ಲಿ ಹುಡುಗಾಟ ನಿಷೇಧಿಸಲಾಗಿದೆ." ಹನ್ನೊಂದು ವರ್ಷ ಎಲ್ಲಿತ್ತೋ ಈ ಬೋರ್ಡು? ಓದಿ ನನಗೆ ಮೈಯೆಲ್ಲ ಉರಿಯಿತು. ಪಕ್ಕದಲ್ಲಿ ನಿಂತಿದ್ದ ಗೌಸಸಾಬ ಚಾಚಾ, ನಮ್ಮ ಹಮಾಲರ ಮುಖ್ಯಸ್ಥ, ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಓದಿ, "ಇದರಾಗ ಒಬ್ಬಾಂವನ ಹೆಸರು ಬಿಟ್ಟಾರಲ್ಲೋ ರಾಜಾ" ಎಂದ. ನಾನು ನನ್ನ ಫೋರ್ಕ್‌ಲಿಫ್ಟ್ ಹತ್ತಿದೆ.

ಏರಿಸುವ ಪದ್ಧತಿಯನ್ನು ಸ್ನೇಹಲ್ ಸಾಹೇಬ ತಂದಿದ್ದಲ್ಲ, ಆ ಮಾತು ಖರೆ. ಅವನು ಮ್ಯಾನೇಜರಾಗಿ ಬರುವ ಎಷ್ಟೋ ವರ್ಷ ಮೊದಲಿನಿಂದ ಲಾರಿಗೆ ಮಾಲು ತುಂಬುವ ನಮ್ಮ ಪ್ಲಾಟ್‌ಫಾರ್ಮಿನಲ್ಲಿ ಅದು ಇತ್ತು. ಯಾರದಾದರೂ ಲಗ್ನವಾಗಲಿ, ಮನೆಯಲ್ಲಿ ಕೂಸು ಹುಟ್ಟಲಿ, ಅವನನ್ನು ಮೂಟೆ ಪೇರಿಸುವ ಕಟ್ಟಿಗೆಯ ಪ್ಯಾಲೆಟ್ ಮೇಲೆ ನಿಲ್ಲಿಸಿ ಫೋರ್ಕ್‌ಲಿಫ್ಟಿನಿಂದ ಮೇಲಕ್ಕೆತ್ತುವುದು. ಹೆಂಡತಿಯ ಹೆಸರು ಸೇರಿಸಿ ಪ್ರಾಸ ಕಟ್ಟಿ ಒಡಪು ಹೇಳುವತನಕ ಇಳಿಸುವಂತಿಲ್ಲ. ನನ್ನನ್ನೂ ಏರಿಸಿದ್ದರು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು. ದಿನಬೆಳಗಾದರೆ ಮೂಟೆಯ ಕೆಳಗೆ ತಲೆ ಕೊಡುವ ಮಂದಿ ನಾವು. ಒಂದು ದಿನ, ಒಂದೇ ಒಂದು ದಿನ, ನಮ್ಮನ್ನೂ ಯಾರೋ ಎತ್ತುತ್ತಾರೆ, ಕೆಳಗೆ ನಿಂತವರೆಲ್ಲ ಶಿಳ್ಳೆ ಹಾಕುತ್ತಾರೆ. ಅದರ ರುಚಿ ಆಫೀಸಿನವರಿಗೆ ತಿಳಿಯುವುದಿಲ್ಲ. ಆದರೆ ಆಗ ಎತ್ತುತ್ತಿದ್ದುದು ಸೊಂಟದ ಮಟ್ಟಕ್ಕೆ. ಚಾಚಾ ಪಕ್ಕದಲ್ಲೇ ಪ್ಯಾಲೆಟ್ ಹಿಡಿದುಕೊಂಡು ನಿಂತಿರುತ್ತಿದ್ದ.

ಹನ್ನೆರಡು ಅಡಿಗೆ ಏರಿಸಿದ್ದು ಯಾರು? ಎರಡು ವರ್ಷದ ಹಿಂದೆ ಬಂದ ಈ ಸಾಹೇಬ. ಮೊದಲ ದಿನವೇ ನಮ್ಮನ್ನು "ಅಣ್ಣಾ" ಎಂದು ಕರೆದ, ನಾವು ಉಬ್ಬಿ ಹೋದೆವು. ಅದಕ್ಕೂ ಮೊದಲು ಯಾವ ಮ್ಯಾನೇಜರ್ ನಮ್ಮ ಹೆಸರು ನೆನಪಿಟ್ಟಿದ್ದ ಹೇಳು? ಮೊಬೈಲ್ ಹಿಡಿದು "ಇನ್ನೂ ಮ್ಯಾಲ ಅಣ್ಣಾ, ಸೊಂಟದ ಮಟ ಎತ್ತಿದರ ಏನ್ ಕಾಣತೈತಿ" ಎನ್ನುತ್ತಿದ್ದ. ಒಡಪು ಬಾರದೆ ಒದ್ದಾಡುವವನಿಗೆ ಲಿವರ್ ಜಗ್ಗಿ ಒಂದು ಜರ್ಕ್ ಕೊಡಿಸುವುದನ್ನು ಶುರು ಮಾಡಿದ್ದೂ ಅವನೇ. ಕಂಪನಿಯ ವಾರ್ಷಿಕ ಸಮಾರಂಭದಲ್ಲಿ ಆ ವಿಡಿಯೋಗಳನ್ನೆಲ್ಲ ದೊಡ್ಡ ಪರದೆಯ ಮೇಲೆ ಹಾಕಿದಾಗ ಮುಂಬೈಯಿಂದ ಬಂದ ದೊಡ್ಡವರು ಚಪ್ಪಾಳೆ ತಟ್ಟಿ, ಹುಬ್ಬಳ್ಳಿಯವರ ಒಗ್ಗಟ್ಟು ನೋಡಿ ಕಲಿಯಿರಿ ಅಂದಿದ್ದರು. ಒಗ್ಗಟ್ಟು! ಬೀಳುವ ಮುಂಚೆ ಒಗ್ಗಟ್ಟು, ಬಿದ್ದ ಮೇಲೆ ಹುಡುಗಾಟ. ಎತ್ತರದ ಬಲ್ಬು ಬದಲಿಸುವವರನ್ನು ಎತ್ತಲು ಸುತ್ತ ಕಂಬಿ ಇರುವ ಪಂಜರ ಕೊಡಿಸಿರೆಂದು ನಾನು ಮೂರು ಸಲ ಬರೆದು ಕೊಟ್ಟಿದ್ದೆ. "ಮುಂದಿನ ತಿಂಗಳ ನೋಡೂನು ಅಣ್ಣಾ" ಅಂದ. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ಇನ್ನು ಆ ಸೋಮವಾರ. ಬೆಳಗ್ಗೆ ನಿನಗೆ ಮಗಳು ಹುಟ್ಟಿದ್ದಳು. ಮಧ್ಯಾಹ್ನ ಪೇಢೆಯ ಡಬ್ಬಿ ಹಿಡಿದು ಓಡೋಡಿ ಬಂದೆ, ಎಲ್ಲರ ಬಾಯಿಗೂ ನೀನೇ ಇಟ್ಟೆ. ಒಳಗೆ ಎರಡು ಲಾರಿ ನಿಂತಿದ್ದವು, ನಾನು "ನಾಳಿಗೆ ಮಾಡೂನು" ಅಂದೆ. ನೀನೂ "ಇವತ್ತು ಬ್ಯಾಡ್ರಿ ಸಾಹೇಬ್ರ, ದವಾಖಾನಿಗೆ ತಿರುಗಿ ಹೋಗಬೇಕು" ಅಂದೆ. ನೆನಪಿದೆಯೇ? ನನಗೆ ಅಕ್ಷರಕ್ಷರ ನೆನಪಿದೆ. ಅದಕ್ಕೆ ಅವನು "ಐದ ನಿಮಿಷ ಅಣ್ಣಾ, ಮಗಳ ಹುಟ್ಟ್ಯಾಳ, ಇವತ್ತ ಏರಿಸದಿದ್ದರ ಯಾವತ್ತ ಏರಿಸೂದು? ರಾಜಾ, ಪ್ಯಾಲೆಟ್ ಹಾಕೋ" ಎಂದ. ಮ್ಯಾನೇಜರ್ ಹೇಳಿದ ಮೇಲೆ ನಾನು ಪ್ಯಾಲೆಟ್ ಹಾಕಿದೆ, ನೀನು ಏರಿದೆ. ಮೇಲೆ ನಿಂತು "ದುರ್ಗದಬೈಲಾಗ ಕೊಂಡೇನಿ ಹಸರ ಬಳಿ" ಎಂದು ಶುರು ಮಾಡಿ, ಮುಂದಿನದು ಬೇಕಂತಲೇ ನುಂಗಿ, ನಮ್ಮನ್ನು ಕಾಡಿಸುತ್ತ ನಿಂತೆ. ಹಮಾಲರೆಲ್ಲ ಹೋ ಎಂದು ಕೂಗುತ್ತಿದ್ದರು. "ಜರ್ಕ್ ಕೊಡೋ ರಾಜಾ, ನೆನಪಾಗತೈತಿ" ಎಂದು ಸಾಹೇಬ ಕೂಗಿದ.

ಕೊಟ್ಟೆ. ನನ್ನ ಕೈ ಕೊಟ್ಟಿತು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ, ಸಾಯುವತನಕ ಅದು ನನ್ನದೇ. ಪ್ಯಾಲೆಟ್ಟಿನ ಒಂದು ಹಲಗೆ ಲಟಕ್ಕೆಂದಿತು. ನೀನು ಲಾರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಾಸಿದ್ದ ಕಬ್ಬಿಣದ ತಗಡಿನ ಮೇಲೆ ಬಿದ್ದೆ, ನಿನ್ನ ಹಿಂದೆಯೇ ಪ್ಯಾಲೆಟ್ ಜಾರಿ ನಿನ್ನ ಕಾಲಿನ ಮೇಲೆ ಬಂತು. ಆ ಸದ್ದು ಹೇಗಿತ್ತೆಂದು ಬರೆಯಲಾರೆ. ಸಾಹೇಬ ಮೊಬೈಲನ್ನು ಕಿಸೆಗೆ ಹಾಕಿದ್ದನ್ನು ಮಾತ್ರ ನೋಡಿದೆ.

ಆಮೇಲೆ ನಾವಿಬ್ಬರೂ ಮಾಡಿದ್ದು ಏನು? ಇದನ್ನು ನೆನೆದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಕಂಪನಿಯವರು ದವಾಖಾನೆಗೆ ಬಂದು ಕೇಳಿದಾಗ ನೀನು "ನಾನ ಏರೇನ್ರಿ, ರಾಜಾಗ ಗೊತ್ತಿದ್ದಿಲ್ಲ, ಅಂವ ಗಾಡಿ ನಡಸಾಕತ್ತಿದ್ದ" ಎಂದು ಬರೆಸಿದೆ. ನನ್ನ ಕೆಲಸ ಉಳಿಯಲಿ ಎಂದು. ಅದೇ ಹೊತ್ತಿಗೆ ಇತ್ತ ಆಫೀಸಿನಲ್ಲಿ ನಾನು "ಕಲ್ಲೇಶ ಬ್ಯಾಡ ಅಂದಿದ್ದ, ನಾನ ಒತ್ತಾಯಲೆ ಏರಿಸೇನಿ" ಎಂದು ಬರೆಸಿದೆ. ನಿನಗೆ ಸಿಗಬೇಕಾದದ್ದು ಸಿಗಲಿ ಎಂದು. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೋದೆವು, ಇಬ್ಬರೂ ದೊಡ್ಡ ಮನುಷ್ಯರಾಗಲು ಹೋದೆವು! ಎರಡು ಕಾಗದದಲ್ಲಿ ಒಂದರಲ್ಲಾದರೂ ಸ್ನೇಹಲ್ ಹೆಸರಿದೆಯೇ? ನಾನು ಯಾಕೆ ಹೇಳಲಿಲ್ಲ ಎಂದರೆ, ಬರೆಸುವ ಮೊದಲು ಅವನು ಕಾರಿಡಾರಿನಲ್ಲಿ ನನ್ನ ಎರಡೂ ಕೈ ಹಿಡಿದು "ಅಣ್ಣಾ, ನಿಮ್ಮ ತಮ್ಮ ಅಂತ ತಿಳೀರಿ, ನನ್ನ ಲಗ್ನ ಆಗಿ ಆರ ತಿಂಗಳಾಗೇತಿ" ಎಂದು ಅತ್ತ. ನನ್ನ ಕರುಳು ಕರಗಿತು. ನಿನ್ನ ಹತ್ತಿರವೂ ಹಾಗೇ ಅತ್ತಿರಬೇಕು, ಇಲ್ಲ ಅನ್ನಬೇಡ. ನಮ್ಮಂಥವರ ಕೈಯನ್ನು ಒಬ್ಬ ಸಾಹೇಬ ಹಿಡಿದರೆ ಸಾಕು, ನಾವು ಕಾಲನ್ನೂ ಕಡಿದು ಕೊಡುತ್ತೇವೆ. ಕೊಟ್ಟೆವಲ್ಲ. ಅವರು ಎರಡೂ ಕಾಗದ ಒಟ್ಟಿಗೆ ಹೊಲಿದರು, ಇಬ್ಬರ ಹುಡುಗಾಟ ಎಂದು ಬರೆದರು, ಕೈ ತೊಳೆದುಕೊಂಡರು. ಬರೆದು ಒಪ್ಪಿದವನೆಂದು ನನ್ನನ್ನು ಹದಿನೈದು ದಿನ ಮನೆಯಲ್ಲಿ ಕೂರಿಸಿ ಮತ್ತೆ ಕರೆದರು. ನಾನು ನಾಚಿಕೆಯಿಲ್ಲದೆ ಹೋದೆ.

ಇಷ್ಟಕ್ಕೇ ಆಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ. ಮೊನ್ನೆ ಶುಕ್ರವಾರ ಊಟ ಮುಗಿಸಿ ಒಳಗೆ ಬರುತ್ತೇನೆ, ಪ್ಲಾಟ್‌ಫಾರ್ಮಿನಲ್ಲಿ ಶಿಳ್ಳೆ. ಹಮಾಲ ಅರಫಾತನ ನಿಕಾಹ್ ಗೊತ್ತಾಗಿದೆ, ಅವನನ್ನು ಏರಿಸಿದ್ದಾರೆ. ಆ ಕೆಂಪು ಬೋರ್ಡಿನ ಎದುರಿಗೇ! ನಿನ್ನ ರಕ್ತ ತೊಳೆದ ಅದೇ ತಗಡಿನ ಹತ್ತಿರ! ಗಾಡಿಯಲ್ಲಿ ಹೊಸ ಡ್ರೈವರ್, ಮೊಬೈಲ್ ಹಿಡಿದವನು ಅದೇ ಸಾಹೇಬ. ನಾನು ಹಾರಿ ಹೋಗಿ ಲಿವರಿನ ಮೇಲಿದ್ದ ಆ ಡ್ರೈವರನ ಕೈ ಹಿಡಿದೆ. ನಾನೇ ಮೆಲ್ಲಗೆ, ಒಂದೊಂದೇ ಗೇಣು ಇಳಿಸಿದೆ. ಅರಫಾತನಿಗೋ ಇನ್ನೂ ನಗೆ. "ರಾಜಾ ಭಾಯ್, ಒಡಪು ಅರ್ಧಾ ಆಗಿತ್ತಲ್ರಿ" ಎನ್ನುತ್ತಾನೆ. ನಾನು ಸಾಹೇಬನ ಮುಖಕ್ಕೇ ಕೇಳಿದೆ, ನಾಚಿಕೆಯಾಗುವುದಿಲ್ಲವೇ ಎಂದು. ಅವನು ಸಿಟ್ಟಾಗಲಿಲ್ಲ. ಹೆಗಲ ಮೇಲೆ ಕೈ ಹಾಕಿ ಹೇಳಿದ: "ಅಣ್ಣಾ, ಅವತ್ತಿಂದು ಕಲ್ಲೇಶಂದ ತಪ್ಪು. ಅಂವನ ಬರದು ಕೊಟ್ಟಾನಲ್ಲ. ಆಟದಾಗ ಏನ್ ತಪ್ಪೈತಿ?"

ಕೇಳಿದೆಯಾ? ನನ್ನನ್ನು ಉಳಿಸಲು ನೀನು ಹೇಳಿದ ಸುಳ್ಳು ಈಗ ಇನ್ನೊಬ್ಬನನ್ನು ಏರಿಸಲು ಅವನಿಗೆ ಪರವಾನಗಿ. ನಾನು ಅಲ್ಲಿಂದಲೇ ನೇರ ಕಾರ್ಮಿಕ ಇಲಾಖೆಯ ಆಫೀಸಿಗೆ ಹೋದೆ. ನಡೆದದ್ದನ್ನೆಲ್ಲ ಬರೆದು ಕೊಟ್ಟು ಸಹಿ ಮಾಡಿ ಬಂದಿದ್ದೇನೆ. ಅವನು ಹೇಳಿದ್ದನ್ನೂ ಬರೆದಿದ್ದೇನೆ, ನಾನು ಜಗ್ಗಿದ್ದನ್ನೂ ಬರೆದಿದ್ದೇನೆ. ಕೆಲಸ ಹೋದರೆ ಹೋಗಲಿ, ಲೈಸೆನ್ಸ್ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ಗುರುವಾರ ಅಲ್ಲಿಯ ಇನ್ಸ್‌ಪೆಕ್ಟರ್ ನಿಮ್ಮ ಮನೆಗೆ ಬರುತ್ತಾರೆ. ಇಬ್ಬರ ಮಾತೂ ಒಂದೇ ಆದರೆ ಮಾತ್ರ ಈ ದೂರು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಬಿಚ್ಚಿ ಹೇಳಿದ್ದಾರೆ. ನೀನು ಹಳೆಯದನ್ನೇ ಹಾಡಿದರೆ ನನ್ನದು ಸೇಡಿನ ಮಾತಾಗುತ್ತದೆ, ಅಷ್ಟೇ.

ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತು. "ಹೋಗಲಿ ಬಿಡೋ ರಾಜಾ, ಹೋದ ಕಾಲು ಬರತೈತೇನು? ಕೊಟ್ಟ ಮಾತ ಯಾಕ ತಿರುವಲಿ? ತಪ್ಪ ನನ್ನ ತಲೀ ಮ್ಯಾಲ ಇರಲಿ." ಅಲ್ಲೇ ನೀನು ಮೋಸ ಹೋಗಿದ್ದೀಯ ದೋಸ್ತ. ಅದು ನಿನ್ನ ತಲೆಯ ಮೇಲೆ ಇಲ್ಲ. ನಿಮ್ಮ ಮನೆಯಲ್ಲಿ ನೀನು ಹೊರಗಿನ ಹೊರಸಿನ ಮೇಲಿರುತ್ತೀಯ, ಒಳಗಿನದು ನಿನಗೆ ಕೇಳುವುದಿಲ್ಲ. ಹೋದ ಭಾನುವಾರ ನೀರು ಕುಡಿಯಲು ಒಳಗೆ ಹೋದೆನಲ್ಲ, ಆಗ ನಿಮ್ಮವ್ವ ಫಕೀರವ್ವ ಒಲೆಯ ಮುಂದೆ ಕುಳಿತು ಹೇಳಿದಳು: "ಏನ್ ಮಾಡೂದಪಾ ರಾಜಾ, ಕೂಸಿನ ಕಾಲ್ಗುಣ ಛಲೋ ಇಲ್ಲ. ಯಾರರೆ ಕೆಡವಿದ್ದರ ಅವರನ್ನ ಬೈಬಹುದಿತ್ತು. ಅಂವಾ ತಾನ ಏರ್ಯಾನ, ತಾನ ಬಿದ್ದಾನ. ಮಗಳು ಹುಟ್ಟಿದ ಹುರುಪಿನ್ಯಾಗ ಬಿದ್ದಾನ. ಹುಟ್ಟಿದ ದಿನಾನ ಅಪ್ಪನ ಕಾಲ ತಿಂತು." ಎರಡು ತಿಂಗಳಾದರೂ ತೊಟ್ಟಿಲಿಗೆ ಹಾಕಿಲ್ಲ, ಹೆಸರಿಟ್ಟಿಲ್ಲ. ರೊಕ್ಕ ಕೈಗೂಡಿಲ್ಲ ಎಂದು ನಿನಗೆ ಹೇಳಿದ್ದಾರಂತೆ. ರೊಕ್ಕದ ಮಾತಲ್ಲ ಕಲ್ಲೇಶ, ಆ ಕೂಸನ್ನು ನಿಮ್ಮವ್ವ ಎತ್ತಿಕೊಳ್ಳುವುದಿಲ್ಲ. ಭುವನೇಶ್ವರಿ ಅಲ್ಲೇ ಗೋಡೆಗೆ ಮುಖ ಮಾಡಿ ಮಗಳಿಗೆ ಹಾಲೂಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದರೆ ಗಂಡನ ಮಾತನ್ನು ಸುಳ್ಳು ಮಾಡಬೇಕಲ್ಲ, ಪಾಪ.

ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಮಗನ ಕಾಲು ಹೋದವಳು ಯಾರನ್ನಾದರೂ ಬೈಯಲೇಬೇಕು. ಸಾಹೇಬನ ಹೆಸರನ್ನು ನೀನು ನುಂಗಿದೆ, ನನ್ನ ಹೆಸರನ್ನೂ ನುಂಗಿದೆ. ಇನ್ನು ಆಕೆಯ ಕೈಗೆ ಸಿಕ್ಕಿದ್ದು ಯಾರು? ಮಾತು ಬಾರದ, ಎರಡು ತಿಂಗಳ ಮಗಳು. ಅಲ್ಲಿ ನಿಂತು ಕೇಳಿಯೂ ನಾನು ತುಟಿ ಬಿಚ್ಚದೆ, ಲೋಟ ಇಟ್ಟು ಹೊರಗೆ ಬಂದೆ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಗುರುವಾರದವರೆಗೆ ಕಾಯಬೇಡ. ಈ ಕಾಗದ ಓದಿದ ಕೂಡಲೇ ಅವ್ವನನ್ನು ಕರೆ, ಭುವನೇಶ್ವರಿಯನ್ನು ಕರೆ, ಮಗಳನ್ನು ನಿನ್ನ ತೊಡೆಯ ಮೇಲೆ ಹಾಕಿಕೊಂಡು ಹೇಳು. ಯಾರು ಹೇಳಿದರು, ಯಾರು ಜಗ್ಗಿದರು, ನೀನು ಬೇಡ ಅಂದಿದ್ದೆ ಎಂದು, ಎಲ್ಲ ಹೇಳು. ನಿನಗೆ ಬಾಯಿ ಬಾರದಿದ್ದರೆ ಬುಧವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಈ ಸಲ ಚಹಾ ಕುಡಿಯಲು ಬರುವುದಿಲ್ಲ. ನಿಮ್ಮವ್ವನ ಮುಂದೆ ಕುಳಿತು ಈ ಬಲಗೈ ಚಾಚಿ, "ಯವ್ವಾ, ನಿನ್ನ ಮಗನ್ನ ಕೆಡವಿದ ಕೈ ಇದು. ಬೈಯೂದಿದ್ದರ ನನ್ನ ಬೈ, ಹೊಡಿಯೂದಿದ್ದರ ನನ್ನ ಹೊಡಿ, ಮೊಮ್ಮಗಳನ್ನ ಎತ್ಕೋ" ಎಂದು ಹೇಳುತ್ತೇನೆ. ಆಕೆ ಎತ್ತಿಕೊಳ್ಳುವತನಕ ನಿಮ್ಮ ಮನೆಯಿಂದ ಏಳುವುದಿಲ್ಲ.

ನಿನ್ನ ಮಗಳು ನೂರು ವರ್ಷ ಬಾಳಲಿ, ಯಾರ ತಪ್ಪನ್ನೂ ಹೊರದೆ ಬಾಳಲಿ.

ಲಿವರ್ ಜಗ್ಗಿದ ನಿನ್ನ ಗೆಳೆಯ,
ರಾಜರತ್ನ