ಬಾಗಿಲ ಪಕ್ಕದ ಕುರ್ಚಿ

ಸೋಮವಾರ ಮಧ್ಯಾಹ್ನ
ರಂಗಮಂದಿರದ ಕ್ಯಾಂಟೀನು

ಪ್ರೀತಿಯ ಅಮ್ಮಾ,

ಒಪ್ಪಿಬಿಟ್ಟರು ಅಮ್ಮಾ, ಕೊನೆಗೂ ಒಪ್ಪಿಬಿಟ್ಟರು! ಮುಂದಿನ ವಾರ ಶನಿವಾರದ ನಾಟಕಕ್ಕೆ ನಮ್ಮ ರಂಗಮಂದಿರದ ಬಾಗಿಲು ತೆರೆದೇ ಇರುತ್ತದೆ, ದೀಪ ಪೂರ್ತಿ ಆರುವುದಿಲ್ಲ, ನೋಡಲು ಬಂದವರಲ್ಲಿ ಯಾರು ಕೂಗಲಿ, ಯಾರು ಎದ್ದು ಓಡಾಡಲಿ, ಒಬ್ಬರೂ ‘ಶ್’ ಅನ್ನುವುದಿಲ್ಲ. ಅಣ್ಣ ಹೊಟ್ಟೆತುಂಬ ಗುನುಗಬಹುದು! ಟಿಕೆಟ್ಟಿಗೆ ಆಗಲೇ ನೂಕುನುಗ್ಗಲು! ನೀನು ಬರಲೇಬೇಕು, ಅಣ್ಣನನ್ನು ಕರೆದುಕೊಂಡು ಬರಲೇಬೇಕು.

ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯ? ಫೋನಿನಲ್ಲಿ ನಾಟಕದ ಸುದ್ದಿ ಎತ್ತಿದರೆ ಸಾಕು, “ಹಾಲು ಉಕ್ತಿದೆ ಕಣೇ, ಆಮೇಲೆ ಮಾಡ್ತೀನಿ” ಅಂತ ಇಟ್ಟುಬಿಡುತ್ತೀಯ. ನಮ್ಮ ಮನೆಯಲ್ಲಿ ಉಕ್ಕುವಷ್ಟು ಹಾಲು ಡೈರಿಯಲ್ಲೂ ಉಕ್ಕುವುದಿಲ್ಲ. ಇಂಗ್ಲಿಷ್ ಮೀಡಿಯಂ ಮಗಳ ಕನ್ನಡ ಇದು, ತಪ್ಪು ಸಿಕ್ಕಿದರೆ ನುಂಗಿಕೋ.

ಮೊದಲು ಮನೆಯ ಸುದ್ದಿ. ನಿನ್ನ ಅಳಿಯದೇವರು ಚೆನ್ನಾಗಿದ್ದಾರೆ, ತುಂಬಾ ತುಂಬಾ ಚೆನ್ನಾಗಿದ್ದಾರೆ! ನಾನು ಮನೆಗೆ ಬಂದು ಚಪ್ಪಲಿ ಬಿಚ್ಚುವುದಕ್ಕೆ ಮೊದಲೇ ಚಹಾ ಕೈಗೆ ಬರುತ್ತದೆ. ಮೊನ್ನೆ ಆ ಚಹಾ ಹಿಡಿದುಕೊಂಡೇ ನಿದ್ದೆ ಹೋದೆನಂತೆ, ಮಡಿಲೆಲ್ಲ ಒದ್ದೆ. “ಮದುವೆಯಾಗಿ ಎರಡು ತಿಂಗಳಿಗೇ ನನ್ನ ಮುಖ ನೋಡಿ ನಿದ್ದೆ ಬರುತ್ತಾ?” ಅಂತ ಗೋಳು ಹೊಯ್ದುಕೊಂಡರು.

ಸುಸ್ತು ಅಮ್ಮಾ. ನಿನ್ನ ಹತ್ತಿರ ಬಚ್ಚಿಟ್ಟು ಏನು ಪ್ರಯೋಜನ. ಮೊದಲು ಅಣ್ಣನಂಥವರಿಗೆ ಅನುಕೂಲ ಮಾಡಿಸುವ ಸಲಹೆಗಾರ್ತಿ ಅಂತ ಬ್ಯಾಗು ನೇತುಹಾಕಿಕೊಂಡು ಸಭಾಂಗಣ, ಕಲಾಶಾಲೆ, ವಸ್ತುಸಂಗ್ರಹಾಲಯ ಎಂದು ಅಲೆಯುತ್ತಿದ್ದೆನಲ್ಲ, ಆಗ ಎಲ್ಲರೂ “ಬಹಳ ಒಳ್ಳೇ ಕೆಲಸ ಮೇಡಂ” ಎಂದು ಕೈಮುಗಿದು ನನ್ನ ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಂದು ಕಡೆ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿಸಿದರು, ಬೋಳಾಗಿ ಕಾಣುತ್ತದೆ ಎಂದು ಅದರ ಮೇಲೆ ಸಾಲಾಗಿ ಹೂಕುಂಡ ಇಟ್ಟರು! ಈಗ ಇಲ್ಲಿ ಕಾರ್ಯಕ್ರಮಗಳ ಮುಖ್ಯಸ್ಥೆ ಅನ್ನುವ ಫಲಕ ಸಿಕ್ಕಿದೆ, ಮೇಜು ಸಿಕ್ಕಿದೆ, ಆದರೆ ಸಭೆಯ ಮೇಲೆ ಸಭೆ. ಬಾಗಿಲು ತೆರೆದಿಟ್ಟರೆ ಎ.ಸಿ. ತಂಪೆಲ್ಲ ಬೀದಿಪಾಲು ಎಂದು ಮ್ಯಾನೇಜರ್. ಮುಖ್ಯ ನಟಿಯಂತೂ ಸೊಂಟಕ್ಕೆ ಕೈಕೊಟ್ಟು ನಿಂತು, “ನಾನು ಸಾಯೋ ಸೀನಲ್ಲಿ ಯಾರಾದ್ರೂ ಊಂ ಅಂದ್ರೆ ಏನ್ ಮಾಡ್ಲಿ, ಎದ್ದು ಕೂತು ಏನಪ್ಪಾ ಅಂತ ಕೇಳ್ಲಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಅಳು ಬರುತ್ತಿತ್ತು.

ಆಮೇಲೆ ನಾನೊಂದು ಕೆಲಸ ಮಾಡಿದೆ, ಬೈಯಬೇಡ. ಹೋದ ಸಲ ಬಂದಾಗ ಅಡುಗೆಮನೆಯಲ್ಲಿ ಅಣ್ಣ ಗುನುಗಿದ್ದನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಮಾತಿಲ್ಲದ ನಮ್ಮ ಅಣ್ಣನಿಗೆ ಖುಷಿಗೂ ಊಂ, ದಿಗಿಲಿಗೂ ಊಂ, ಎಲ್ಲ ಇದೆ ಅದರಲ್ಲಿ. ತಾಲೀಮು ಶುರುವಾದ ಕೂಡಲೇ ಅದನ್ನು ಸ್ಪೀಕರಿನಲ್ಲಿ ಹಾಕತೊಡಗಿದೆ, ನಟರಿಗೆ ಅಭ್ಯಾಸವಾಗಲಿ ಎಂದು. ಹಿಂದೆ ನಿನ್ನ ಪಾತ್ರೆಯ ಸದ್ದು, “ಸಾಕು ಕಣೋ ನನ್ನಪ್ಪ” ಅನ್ನುವ ನಿನ್ನ ದನಿ. ಮೊದಮೊದಲು ನಟಿ ಕಿವಿ ಮುಚ್ಚಿಕೊಂಡರು, ಮಾತು ಮರೆತರು, ನನ್ನನ್ನು ಸುಡುವ ಹಾಗೆ ನೋಡಿದರು. ಒಂದು ದಿನ ವೈರು ಕಿತ್ತುಹೋಗಿ ಸ್ಪೀಕರ್ ಸುಮ್ಮನಾಯಿತು. ಸಾಯುತ್ತಿದ್ದವರು ಅರ್ಧಕ್ಕೆ ಎದ್ದು ಕೂತು, “ಎಲ್ರೀ ಅವನು? ಇವತ್ತು ಬರ್ಲಿಲ್ವಾ?” ಅಂದರು.

ಅವನು ಅಂದರು ಅಮ್ಮಾ. ನಾನು ವೈರು ಹುಡುಕುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ. ಈಗ ಯಾರ ಮಾತು ಉದ್ದವಾದರೂ ನಟರೆಲ್ಲ “ಸಾಕು ಕಣೋ ನನ್ನಪ್ಪ” ಅನ್ನುತ್ತಾರೆ. ಬಾಗಿಲು ಕಾಯುವ ಹಿರಿಯರಿಗೆ ಹಳೇ ಅಭ್ಯಾಸದ ‘ಶ್’ ಬಾಯಿ ತುದಿಗೇ ಬರುತ್ತದೆ, ಅದು ಹೊರಬೀಳದಿರಲಿ ಎಂದು ಪೆಪ್ಪರ್‌ಮಿಂಟು ಚೀಪುತ್ತಾರೆ.

ನಮ್ಮ ಮದುವೆಯ ಫೋಟೊ ಬಂದಿವೆ. ನಾವಿಬ್ಬರು ಕೈ ಹಿಡಿದ ಗಳಿಗೆಯ ಫೋಟೊದಲ್ಲಿ ನೀನಿಲ್ಲ. ಇವರೇ ಹುಡುಕಿ, ಹಿಂದೆ ದೂರದ ಬಾಗಿಲಿನ ಆಚೆ ಬೆರಳಿಟ್ಟು, “ಅತ್ತೆ ಇಲ್ಲಿದ್ದಾರೆ ನೋಡು” ಅಂದರು. ನಿನ್ನ ಬೆನ್ನು, ಅಣ್ಣನ ತೋಳು. ಅಂದು ಅಣ್ಣ ಒಂದು ಸಲ ದನಿ ಎತ್ತಿದ್ದ ಅಷ್ಟೆ, ಯಾರೂ ತಿರುಗಿ ಕೂಡ ನೋಡಿರಲಿಲ್ಲ. ನೀನು ಎದ್ದಾಗಿತ್ತು.

ಎಲ್ಲಿಗೆ ಹೋದರೂ ನಿನಗೆ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಚಿಕ್ಕವಳಿದ್ದಾಗ ಎಲ್ಲ ನಾಟಕಗಳೂ ನಡುವೆಯೇ ಮುಗಿಯುತ್ತವೆ ಎಂದುಕೊಂಡಿದ್ದೆ. ಕತ್ತಲಲ್ಲಿ ಬಾಗಿಲು ಕಾಯುವವನ ಟಾರ್ಚು ನಮ್ಮ ಕಡೆ ತಿರುಗುವ ಮೊದಲೇ ಎದ್ದು ಬರುತ್ತಿದ್ದೆವು, ದಾರಿಯುದ್ದಕ್ಕೂ ನೀನು ಉಳಿದ ಕಥೆಯನ್ನು ಕಟ್ಟಿ ಹೇಳುತ್ತಿದ್ದೆ. ಯಾವ ನಾಟಕದಲ್ಲೂ ಯಾರನ್ನೂ ಸಾಯಲು ಬಿಡಲಿಲ್ಲ ನೀನು. ಯಾವಾಗ ಏಳಬೇಕಾದೀತೋ ಎಂದು ಕುರ್ಚಿಯ ತುದಿಯಲ್ಲಿ ಕೂರುವುದು ಎಂಥ ಸುಸ್ತಿನ ಕೆಲಸ ಎಂದು ಈಗ ಆ ಸಭೆಗಳಲ್ಲಿ ಕೂತು ನನಗೆ ಗೊತ್ತಾಗುತ್ತಿದೆ.

ಅದಕ್ಕೇ ನಿನಗೂ ಅಣ್ಣನಿಗೂ ನಡುಸಾಲಿನ ನಟ್ಟನಡುವೆ ಜಾಗ ಇಟ್ಟಿದ್ದೇನೆ. ಪೂರ್ತಿ ಒರಗಿ ಕೂರಬೇಕು. ಅವನಿಗೆ ಆಚೆ ಹೋಗಬೇಕೆನಿಸಿದರೆ ನಾನು ಕರೆದುಕೊಂಡು ಹೋಗುತ್ತೇನೆ, ಅವನ ಜೊತೆ ಅಂಗಳ ಸುತ್ತುತ್ತೇನೆ. ನೀನು ಏಳಕೂಡದು. ಈ ಸಲ ಬಾಗಿಲ ಪಕ್ಕದ ಕುರ್ಚಿ ನನ್ನದು. ಅಲ್ಲ, ತನ್ನದು ಎಂದು ನಿನ್ನ ಅಳಿಯದೇವರು ಬೆಳಿಗ್ಗೆಯೇ ಜಗಳ ತೆಗೆದಿದ್ದಾರೆ. ನಾಟಕದ ಕೊನೆ ಏನು ಎಂದು ಮಾತ್ರ ನಾನು ಹೇಳುವುದಿಲ್ಲ.

ಅಣ್ಣನ ಕೆನ್ನೆಗೆ ಎರಡು ಮುತ್ತು.

ನಿನ್ನ
ಮಾತಿನಮಲ್ಲಿ

ಮರೆತ ಮಾತು: ಮರೆತಿರಲಿಲ್ಲ ಅಮ್ಮಾ, ಬರೆಯಲು ಧೈರ್ಯವಿರಲಿಲ್ಲ. ಟಿಕೆಟ್ಟಿಗೆ ನೂಕುನುಗ್ಗಲು ಎಂದದ್ದು ಸುಳ್ಳು. ಯಾರಿಗೆಂದು ಇಷ್ಟೆಲ್ಲ ಮಾಡಿದೆನೋ ಆ ಮನೆಗಳಿಂದ ಒಬ್ಬರೂ ಟಿಕೆಟ್ ತೆಗೆದುಕೊಂಡಿಲ್ಲ. ಕುರ್ಚಿ ಖಾಲಿ ಉಳಿದರೆ ಇದೇ ಮೊದಲು, ಇದೇ ಕೊನೆ ಎಂದು ಮ್ಯಾನೇಜರ್ ಹೇಳಿದ್ದಾರೆ. ನಾನೇ ಒಂದೊಂದು ಮನೆಗೂ ಫೋನ್ ಮಾಡುತ್ತಿದ್ದೇನೆ. ಎಲ್ಲರ ಮನೆಯಲ್ಲೂ ಹಾಲು ಉಕ್ಕುತ್ತಿದೆ ಅಮ್ಮಾ. ನಿನ್ನೆ ಒಬ್ಬ ತಾಯಿ ಮಾತ್ರ ಫೋನ್ ಇಡದೆ ಕೇಳಿದರು, “ನಿಮ್ಮ ಮನೇಲಿ ಇಂಥವರು ಇದ್ದಾರೇನಮ್ಮಾ?” ಅಣ್ಣ ಇದ್ದಾನೆ ಅಂದೆ. “ನಿಮ್ಮ ತಾಯಿ ಅವನನ್ನ ಕರ್ಕೊಂಡು ಬರ್ತಾರಾ?” ಬರ್ತಾರೆ ಅಂದುಬಿಟ್ಟೆ. “ಹಂಗಾದ್ರೆ ಅವರ ಪಕ್ಕದಲ್ಲೇ ನಮಗೂ ಎರಡು ಜಾಗ ಇಡಿ” ಅಂದರು. ಇಟ್ಟಿದ್ದೇನೆ. ಅಲ್ಲಿಂದ ಇಲ್ಲಿಗೆ ಮರಳುವ ಗಾಡಿಗೆ ನಿಮ್ಮಿಬ್ಬರದೂ ಸೇರಿಸಿ ಟಿಕೆಟ್ ತೆಗೆದಾಗಿದೆ. ಒಲೆಯ ಮೇಲೆ ಹಾಲಿಡದೆ ಕಾದಿರು. ಮುಂದಿನ ವಾರ ಗುರುವಾರ, ಬೆಳಗಿನ ಪ್ಯಾಸೆಂಜರ್ ಗಾಡಿಗೆ ನಿಮ್ಮನ್ನು ಕರೆದೊಯ್ಯಲು ಬರುತ್ತೇನೆ.